ಕೆಂಪು ಕಣ್ಣಿನ ಫ್ಲೆಕ್ಸು

ಜೂನ್ 16, 2025, ಸೋಮವಾರ

ಮನೆಯಲ್ಲಿ ನನ್ನ ಕೂಗಾಟ ಅತಿಯಾಗಿದೆಯಂತೆ. ಕೂಗುವುದನ್ನೆಲ್ಲ ಬರೆದುಬಿಡು, ಪಕ್ಕದ ಮನೆಯವರಾದರೂ ನೆಮ್ಮದಿಯಿಂದ ಊಟ ಮಾಡಲಿ ಎಂದು ಹೆಂಡತಿ ಯಶೋಧರಾ ಒಂದು ಡೈರಿ ಕೈಗಿಟ್ಟಳು. ಬೀಜದ ಕಂಪನಿಯವರು ಪುಕ್ಕಟೆ ಕೊಟ್ಟದ್ದು, ಪುಟಕ್ಕೊಂದು ಮೆಕ್ಕೆಜೋಳದ ತೆನೆ ಇದೆ. ಇರಲಿ, ತೆನೆಯ ಪಕ್ಕದಲ್ಲಿ ಬರೆಯಲು ಜಾಗ ಸಾಕಷ್ಟಿದೆ.

ನಾಳೆ ಅಣ್ಣನ ಕೊಲೆ ಕೇಸಿನ ವಿಚಾರಣೆ ಶುರು. ಅಣ್ಣ ಸುಂಕಣ್ಣ ಸತ್ತು ಎರಡು ವರ್ಷ ದಾಟಿತು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿಯಾಗಿದ್ದ. ಅವನೇ ಕೈಹಿಡಿದು ಕೆಲಸಕ್ಕೆ ಸೇರಿಸಿದ್ದ ಕುರುಗೋಡಿನ ಕರಿಬಸವ ಎಂಬ ನಾಯಿ, ಹಾಡಹಗಲು, ಭತ್ತ ಒಣಹಾಕುವ ಅಂಗಳದಲ್ಲಿ, ಸಲಿಕೆಯಿಂದ ಅವನ ತಲೆಗೆ ಹೊಡೆದು ಕೊಂದ. ಕೊಂದು ಓಡಿಹೋಗಲೂ ಇಲ್ಲ. ಹೆಣದ ಪಕ್ಕದಲ್ಲಿ ಕೂತು ಚಹಾ ತರಿಸಿದ. ಒಂದು ಸಾಲದೆಂದು ಎರಡು ಚಹಾ. ಟೀವಿಯವರು ಅದನ್ನೇ ತಿಂಗಳುಗಟ್ಟಲೆ ಹೇಳಿದರು, ಕೊಂದು ಎರಡು ಚಹಾ ಕುಡಿದ ಹಂತಕ ಎಂದು.

ಇಷ್ಟು ದಿನ ಕೇಸು ಏಕೆ ನಡೆಯಲಿಲ್ಲ ಎಂದರೆ ಕರಿಬಸವ ದೊರೆಗಳಿಗೆ ತಲೆ ಸರಿಯಿರಲಿಲ್ಲವಂತೆ. ಧಾರವಾಡದ ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟು, ಈಗ ವಿಚಾರಣೆ ತಡೆದುಕೊಳ್ಳುವಷ್ಟು ಗಟ್ಟಿಯಾಗಿದ್ದಾನೆ ಎಂದು ಕಳಿಸಿದ್ದಾರೆ. ಕೊಲ್ಲುವಾಗ ಅವನಿಗೆ ಬುದ್ಧಿಭ್ರಮಣೆ ಇತ್ತು ಎಂದು ಅವನ ಕಡೆಯ ವಕೀಲರು ವಾದಿಸುತ್ತಾರಂತೆ. ಕೊಲ್ಲುವಾಗ ಹುಚ್ಚ, ಚಹಾದ ಹೊತ್ತಿಗೆ ಜಾಣ. ಚೆನ್ನಾಗಿದೆ ಈ ರೋಗ.

ಇವತ್ತು ಅವನ ಫ್ಲೆಕ್ಸು ಹೊಡೆದೆ. ಕೋರ್ಟಿನ ರಸ್ತೆಯಲ್ಲಿ ನನ್ನದು ಫ್ಲೆಕ್ಸ್ ಅಂಗಡಿ. ಮುಖ ತಿದ್ದುವುದೇ ನನ್ನ ಕಸುಬು. ಹುಟ್ಟುಹಬ್ಬದ ಲೀಡರುಗಳಿಂದ ಹಿಡಿದು ಶ್ರದ್ಧಾಂಜಲಿಯ ಅಜ್ಜಂದಿರವರೆಗೆ ಬಳ್ಳಾರಿಯ ಎಲ್ಲರನ್ನೂ ಎರಡು ಸುತ್ತು ಬೆಳ್ಳಗೆ ಮಾಡಿ ಕಳಿಸಿದ್ದೇನೆ. ಇವನೊಬ್ಬನನ್ನು ಎರಡು ಸುತ್ತು ಕಪ್ಪು ಮಾಡಿದೆ. ಹುಬ್ಬು ದಪ್ಪ ಮಾಡಿದೆ. ಕಣ್ಣಿಗೆ ಕೆಂಪು ತುಂಬಿದೆ. ಸಿಕ್ಕಿದ್ದು ಒಂದೇ ಫೋಟೋ, ಗಿರಣಿಯ ಆಯುಧಪೂಜೆಯದು. ಪಕ್ಕದಲ್ಲಿ ಅಣ್ಣ ನಿಂತು ಅವನ ಹೆಗಲ ಮೇಲೆ ಕೈ ಹಾಕಿದ್ದ. ಆ ಕೈ ಅಳಿಸಿ ಅಂಗಿಯ ಬಣ್ಣ ತುಂಬುವುದರಲ್ಲಿ ಬೆಳಗಿನ ಕೆಲಸವೆಲ್ಲ ಹಿಂದೆ ಬಿತ್ತು. ಇಂಥವನ ಹೆಗಲ ಮೇಲೆ ಅಣ್ಣನ ಕೈ ಇರಬಾರದು. ಮೇಲೆ ದಪ್ಪಕ್ಷರದಲ್ಲಿ ಬರೆದೆ: ಹುಚ್ಚಿನ ನಾಟಕ ನಡೆಯದು, ಹಂತಕನಿಗೆ ಗಲ್ಲಾಗಲಿ. ಒಂದು ಕೋರ್ಟಿನ ಗೇಟಿನೆದುರು, ಒಂದು ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ, ಒಂದು ಗಿರಣಿಯ ಬಾಗಿಲಲ್ಲಿ ಕಟ್ಟಿಸಿದೆ.

ಅತ್ತಿಗೆ ಶೀಲಾಗೆ ಫೋನ್ ಮಾಡಿ ಮಾತು ಕೊಟ್ಟಿದ್ದೇನೆ, ಅವನಿಗೆ ಶಿಕ್ಷೆ ಆಗುವವರೆಗೆ ಒಂದು ತಾರೀಖೂ ತಪ್ಪಿಸುವುದಿಲ್ಲ ಎಂದು. ಅತ್ತಿಗೆ ಹೂಂ ಎಂದರು. ಅವರದು ಮೊದಲಿನಿಂದಲೂ ಮಾತು ಕಡಿಮೆ.

ಜೂನ್ 17, ಮಂಗಳವಾರ

ಹುಚ್ಚನಾದವನು ಹೇಗಿರಬೇಕು? ಅಂಗಿ ಹರಿದಿರಬೇಕು, ಗಡ್ಡ ಬಿಟ್ಟಿರಬೇಕು, ತನ್ನಷ್ಟಕ್ಕೆ ತಾನು ನಗಬೇಕು. ಇವನು ತಲೆ ಬಾಚಿ, ಎಲ್ಲ ಗುಂಡಿ ಹಾಕಿಕೊಂಡು ಪೊಲೀಸರ ನಡುವೆ ನಿಂತಿದ್ದ. ಅಲ್ಲಿಗೆ ಅರ್ಧ ಕೇಸು ಮುಗಿಯಿತು. ಉಳಿದರ್ಧಕ್ಕೆ ನಾನೇ ಒಂದು ಪರೀಕ್ಷೆ ಮಾಡಿದೆ. ಹಿಂದಿನಿಂದ ಹೋಗಿ 'ಲೇ ಕರಿಬಸ್ಯಾ' ಎಂದು ಕೂಗಿದೆ. ತಕ್ಷಣ ತಿರುಗಿದ. ತನ್ನ ಹೆಸರು ಗೊತ್ತಿರುವವನು ಎಂಥ ಹುಚ್ಚ? ಧಾರವಾಡದ ಡಾಕ್ಟರುಗಳು ಎರಡು ವರ್ಷದಲ್ಲಿ ಹಿಡಿಯದ್ದನ್ನು ನಾನು ಒಂದೇ ಕೂಗಿಗೆ ಹಿಡಿದೆ. ಪೊಲೀಸರು ಮಾತ್ರ ನನ್ನನ್ನೇ ಆಚೆ ದಬ್ಬಿದರು.

ಅವನ ತಾಯಿಯೂ ಬಂದಿದ್ದಳು. ಮುದುಕಿ ಬೆಂಚಿನ ತುದಿಯಲ್ಲಿ ಕೂತು ಕಿಟಕಿಯಾಚೆ ನನ್ನ ಫ್ಲೆಕ್ಸನ್ನೇ ನೋಡುತ್ತಿದ್ದಳು. ಚೆನ್ನಾಗಿ ನೋಡಲಿ, ಅದಕ್ಕೇ ಕಟ್ಟಿಸಿದ್ದು.

ಅಂಗಡಿಗೆ ಬಂದು ಎರ್ರಣ್ಣನಿಗೆ ವರದಿ ಒಪ್ಪಿಸಿದೆ. ಎರ್ರಣ್ಣ ನನ್ನ ಪಕ್ಕದ ಜೆರಾಕ್ಸ್ ಅಂಗಡಿಯವನು. ಕೋರ್ಟಿನೊಳಗೆ ಒಂದು ದಿನವೂ ಕಾಲಿಟ್ಟವನಲ್ಲ. ಬೇರೆಯವರ ಕೇಸಿನ ಕಾಗದ ಜೆರಾಕ್ಸ್ ಮಾಡಿ ಮಾಡಿಯೇ ಕಾನೂನು ಕಲಿತಿದ್ದಾನೆ, ಅಂಗಡಿಯ ಸ್ಟೂಲಿನ ಮೇಲೆ ಕೂತೇ ತೀರ್ಪು ಕೊಡುತ್ತಾನೆ.

"ಡಾಕ್ಟರ್ ಸರ್ಟಿಫಿಕೇಟು ಒಂದಿದ್ರ ಆತು," ಎಂದ ಎರ್ರಣ್ಣ. "ಸಂಜಿಗೆ ಮನಿಗೆ ಬಂದು ರೊಟ್ಟಿ ತಿಂತಾನ. ಈಗ ಎಲ್ಲಾ ಕೊಲಿ ಕೇಸ್ನಾಗೂ ಇದ ನಡದೈತಿ."

ಅದೇ ಹೊತ್ತಿಗೆ ಕರಿಬಸವನ ವಕೀಲೆ ನಂದಿನಿ ಜೆರಾಕ್ಸಿಗೆ ಬಂದು ನಿಂತಿದ್ದರು. ದುಡ್ಡಿಲ್ಲದವರಿಗೆ ಸರ್ಕಾರ ಗೊತ್ತುಮಾಡಿ ಕೊಡುವ ವಕೀಲರು. ಕಾಗದ ಜೋಡಿಸಿಕೊಳ್ಳುತ್ತಲೇ ಹೇಳಿದರು: "ಹಂಗ ನಡದಿದ್ರ ನನಗ ಭಾಳ ಚಲೋ ಆಗ್ತಿತ್ತು ಎರ್ರಣ್ಣಾರ. ನಾನು ಈ ವಾದ ಎರಡು ಸಲ ಮಾಡೀನಿ, ಎರಡೂ ಸಲ ಸೋತೀನಿ. ಹುಚ್ಚು ಇತ್ತು ಅಂತ ನಾವ ಸಿದ್ಧ ಮಾಡಿ ತೋರಿಸ್ಬೇಕು."

ಸೋತು ರೂಢಿ ಇರುವವರನ್ನೇ ಸರ್ಕಾರ ಅವನಿಗೆ ಕೊಟ್ಟಿದೆ ಎಂದು ನನಗೆ ಬಹಳ ಸಮಾಧಾನವಾಯಿತು.

ಜುಲೈ 8, ಮಂಗಳವಾರ

ಗಿರಣಿಯ ಹಮಾಲಿ ಮಾರೇಶನ ಸಾಕ್ಷಿ ಇವತ್ತು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಪಟಪಟ ಹೇಳಿದ. ಕರಿಬಸವ ಸಲಿಕೆ ಎತ್ತಿದ್ದು, ಹೊಡೆದದ್ದು, ಕೂತದ್ದು. ಕೊನೆಗೆ, ಅವನ ಕಣ್ಣು ಮೆಣಸಿನಕಾಯಿಯಷ್ಟು ಕೆಂಪಗಿದ್ದವು, ಮನಸ್ಸಿನಲ್ಲಿ ದ್ವೇಷ ಇಟ್ಟುಕೊಂಡಿದ್ದು ನೋಡಿದರೇ ಗೊತ್ತಾಗುತ್ತಿತ್ತು ಎಂದ. ನನ್ನ ಎದೆ ತಣ್ಣಗಾಯಿತು.

ಆಮೇಲೆ ನಂದಿನಿ ಎದ್ದರು. ನೀವು ಎಲ್ಲಿ ನಿಂತಿದ್ದಿರಿ ಎಂದರು. ತೂಕದ ಕಟ್ಟೆಯ ಹತ್ತಿರ ಎಂದ. ಅದು ಅಂಗಳದ ಆ ತುದಿ. ಅವನ ಮುಖ ನಿಮ್ಮ ಕಡೆ ಇತ್ತೇ ಎಂದರು. ಇಲ್ಲ, ಬೆನ್ನಿತ್ತು ಎಂದ. ಹಾಗಾದರೆ ಕೆಂಪು ಕಣ್ಣು ಎಲ್ಲಿ ನೋಡಿದಿರಿ?

"ಎಲ್ಲಾ ಕಡಿ ಅದಾವಲ್ರಿ ಮೇಡಂ," ಎಂದ ಮಾರೇಶ. "ಈಗ ಒಳಗ ಬರೋ ಮುಂದ ಗೇಟಿನ್ಯಾಗೂ ನೋಡ್ದೆ."

ಜನ ನಕ್ಕರು. ಜಡ್ಜ್ ಸಾಹೇಬರು ಸುಮ್ಮನಿರಿಸಿದರು. ಆ ಕೆಂಪು ನನ್ನದು. ಕಂಪ್ಯೂಟರಿನಲ್ಲಿ ಯಾವ ಡಬ್ಬಿಯ ಕೆಂಪು ಎಂದೂ ಹೇಳಬಲ್ಲೆ. ನನ್ನ ಕೆಲಸ ಸಾಕ್ಷಿಯ ಕಣ್ಣಿನವರೆಗೆ ಹೋಗಿ ಕೂತಿದೆ ಎಂದು ಹೆಮ್ಮೆಪಡಬೇಕಿತ್ತು. ಮಾರೇಶನ ಮೇಲೆ ಸಿಟ್ಟು ಬಂತು. ಸಾಕ್ಷಿ ಹೇಳಲು ಬಂದವನು ಕಂಡದ್ದನ್ನು ಹೇಳಿ ಹೋಗಬೇಕು.

ಸಂಜೆ ನೋಡಿದರೆ ಗೇಟಿನೆದುರಿನ ಫ್ಲೆಕ್ಸೇ ಇಲ್ಲ. ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ನನ್ನ ಫ್ಲೆಕ್ಸುಗಳಿಗೆಲ್ಲ ಕೊನೆಗೆ ಒಂದೇ ಗತಿ. ಲೀಡರುಗಳ ನಗುಮುಖದ ಮೇಲೆ ಜನ ಭತ್ತ ಒಣಗಿಸುತ್ತಾರೆ, ಎಮ್ಮೆಗೆ ನೆರಳು ಕಟ್ಟುತ್ತಾರೆ. ಇನ್ನೊಂದು ಹೊಡೆದು ಕಟ್ಟಿಸಬೇಕು. ಈ ವಾರ ಪುರುಸೊತ್ತಿಲ್ಲ.

ಆಗಸ್ಟ್ 5, ಮಂಗಳವಾರ

ಇವತ್ತು ಗಿಡ್ಡಮ್ಮ. ಗಿರಣಿಯ ಬಾಗಿಲಲ್ಲಿ ಚಹಾ ಮಾರುವಾಕೆ. ಈ ಸಾಕ್ಷಿಗಾಗಿಯೇ ನಾನು ಕಾದಿದ್ದೆ. ಕೊಂದ ಮೇಲೆ ಚಹಾ ಕೇಳಿದನೇ ಎಂದು ಸರ್ಕಾರಿ ವಕೀಲರು ಕೇಳಿದರು, ಕೇಳಿದ ಎಂದಳು. ಎಷ್ಟು ಎಂದರು, ಎರಡು ಎಂದಳು. ಅವರು ಕೋಟು ಸರಿಮಾಡಿಕೊಂಡು ಕೂತರು.

ನಂದಿನಿ ಎದ್ದು, ಅವನು ಕೇಳಿದ ಮಾತನ್ನೇ ಹೇಳಮ್ಮ ಎಂದರು.

ಗಿಡ್ಡಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "'ಎರಡು ಚಾ ಕೊಡು ಅಕ್ಕಾ, ಒಂದು ನನಗ, ಒಂದು ಸುಂಕಣ್ಣ ಅಣ್ಣಗ. ಈಗ ಏಳ್ತಾನ' ಅಂದ್ರಿ. ಅವರ ತಲಿ ತೊಡಿ ಮ್ಯಾಲ ಇಟ್ಕೊಂಡು ಟವಲ್ಲಿಲೆ ಒರಸ್ತಿದ್ದ. 'ಒಳಗ ಹೊಕ್ಕಿದ್ದು ಹೋತು, ಇನ್ನ ನಮ್ಮಣ್ಣ ಬರ್ತಾನ' ಅಂತಿದ್ದ. ಚಾ ಆರಿ ಹೋತು. ತನ್ನದೂ ಕುಡೀಲಿಲ್ಲ ಅವ."

ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಸರ್ಕಾರಿ ವಕೀಲರು ಕೇಳಿದರು. ಎಲ್ಲರೂ ಎಷ್ಟು ಚಹಾ ಎಂದಷ್ಟೇ ಕೇಳಿದರು ಎಂದಳು ಗಿಡ್ಡಮ್ಮ.

ಎರಡು ವರ್ಷದಿಂದ ಆ ಎರಡನೆಯ ಚಹಾದ ಮೇಲೆ ನಾವು ಎಷ್ಟು ಕಥೆ ಕಟ್ಟಿದ್ದೇವೆ. ಸೊಕ್ಕಿಗೆ ಕುಡಿದ, ಸಂಭ್ರಮಕ್ಕೆ ಕುಡಿದ. ಯಾರಿಗೆ ಎಂದು ನಾನೂ ಕೇಳಿರಲಿಲ್ಲ.

ಇದೆಲ್ಲ ವಕೀಲರು ಕಲಿಸಿಕೊಟ್ಟದ್ದು ಎಂದು ಎರ್ರಣ್ಣ ಸ್ಟೂಲಿನಿಂದ ತೀರ್ಪು ಕೊಟ್ಟ. ಇರಬಹುದು.

ಆಗಸ್ಟ್ 6, ಬುಧವಾರ

ಇವತ್ತು ಚಹಾ ಕುಡಿಯಲಿಲ್ಲ. ಹೊಟ್ಟೆ ಸರಿಯಿರಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ಮನೆಯವರೇ ಕೈಕೊಟ್ಟರೆ ಯಾರ ಹತ್ತಿರ ಹೇಳುವುದು. ಅತ್ತಿಗೆಯನ್ನು ಕರೆಸಿದ್ದು ಸರ್ಕಾರದ ಪರ. ಗಂಡ ಹೇಗೆ ಹೋದ, ಸಂಸಾರ ಹೇಗೆ ಬೀದಿಗೆ ಬಂತು ಎಂದು ನಾಲ್ಕು ಮಾತು ಹೇಳಿ ಕಣ್ಣೊರೆಸಿಕೊಂಡು ಇಳಿದಿದ್ದರೆ ಮುಗಿದಿತ್ತು. ನಂದಿನಿ ಒಂದೇ ಪ್ರಶ್ನೆ ಕೇಳಿದರು, ಆ ವಾರ ನಿಮ್ಮ ಯಜಮಾನರು ಕರಿಬಸವನ ಬಗ್ಗೆ ಮನೆಯಲ್ಲಿ ಏನಾದರೂ ಮಾತಾಡಿದ್ದರೇ ಎಂದು.

ಹೌದು ಎಂದುಬಿಟ್ಟರು ಅತ್ತಿಗೆ. ಒಂದು ವಾರದಿಂದ ಆ ಹುಡುಗ ಅಣ್ಣನನ್ನು ನೋಡಿ 'ನೀ ನಮ್ಮ ಸುಂಕಣ್ಣ ಅಲ್ಲ, ಅವನ ಒಳಗ ಹೊಕ್ಕೀಯಿ, ನಮ್ಮಣ್ಣನ್ನ ಬಿಡು' ಎನ್ನುತ್ತಿದ್ದನಂತೆ. ಅಣ್ಣನ ಕೈಯ ಬುತ್ತಿಯನ್ನು ಮುಟ್ಟುತ್ತಿರಲಿಲ್ಲವಂತೆ. ಅಣ್ಣ ಮೊದಲು ನಕ್ಕನಂತೆ, ಆಮೇಲೆ ಹೆದರಿದನಂತೆ, ಬರುವ ಸೋಮವಾರ ಬಳ್ಳಾರಿಯ ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದನಂತೆ. ಕೊಲೆಯಾದದ್ದು ಅದಕ್ಕೆ ಮುಂಚಿನ ಶನಿವಾರ.

ಹೊರಗೆ ಬಂದ ಮೇಲೆ ತಡೆಯಲಾಗಲಿ‌ಲ್ಲ. "ಅತ್ತಿಗಿ, ನೀವು ಯಾರ ಕಡಿ ಅದೀರಿ?" ಎಂದು ಕೇಳಿದೆ. ಬೇವಿನ ಮರದ ಕೆಳಗಿದ್ದ ನಾಲ್ಕು ಜನ ತಿರುಗಿ ನೋಡುವಷ್ಟು ಜೋರಾಗಿ ಕೇಳಿದೆ.

"ನಿಮ್ಮಣ್ಣನ ಕಡಿ ಅದೀನಿ ತಿಪ್ಪೇಶಾ," ಎಂದರು.

ಬಸ್ ಸ್ಟ್ಯಾಂಡಿಗೆ ಬಿಡಲು ನಾನು ಹೋಗಲಿಲ್ಲ. ಆಟೋದಲ್ಲಿ ಹೋದರು. ಜೊತೆಯಲ್ಲಿ ಆ ಗಾದೆಮ್ಮನನ್ನೂ ಕೂರಿಸಿಕೊಂಡು ಹೋದರು. ಗಾದೆಮ್ಮ ಎಂದರೆ ಕರಿಬಸವನ ತಾಯಿ.

ಅಕ್ಟೋಬರ್ 16, ಗುರುವಾರ

ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದೆ. ನಾವು ಬೌದ್ಧರು, ವಿಜಯದಶಮಿ ನಮಗೆ ಧಮ್ಮದೀಕ್ಷೆಯ ದಿನ. ಅವತ್ತು ವಿಹಾರದಲ್ಲಿ ಬುದ್ಧನ ಮುಂದೆ ಮೊಂಬತ್ತಿ ಹಚ್ಚುವಾಗ ನನ್ನ ಕಡ್ಡಿ ಹತ್ತಲಿಲ್ಲ, ಅವರು ತಮ್ಮ ಮೊಂಬತ್ತಿ ಮುಂದೆ ಹಿಡಿದರು. ಅಷ್ಟಕ್ಕೇ ಮಾತು ಶುರುವಾಯಿತು.

ಇವತ್ತು ಕೇಸು ಕೂಗಲು ಬಹಳ ಹೊತ್ತಾಯಿತು. ಗಾದೆಮ್ಮನ ಬೆಂಚಿನಲ್ಲಿ ಕೂತೆ. ಫ್ಯಾನು ಆ ಕಡೆಗಿತ್ತು. ಕೂತ ಮೇಲೆ ಒಂದೆರಡು ಮಾತು ಬಂದೇ ಬರುತ್ತದೆ.

ಮಗನಿಗೆ ಮೊದಲೇ ಗುಳಿಗೆ ನಡೆಯುತ್ತಿತ್ತಂತೆ. ನುಂಗಿದರೆ ಸರಿಯಾಗಿರುತ್ತಿದ್ದ, ಗಿರಣಿಯಲ್ಲಿ ಮೂಟೆ ಹೊತ್ತು ಬರುತ್ತಿದ್ದ. ಅಷ್ಟರಲ್ಲಿ ರಾರಾವಿಯಿಂದ ಹೆಣ್ಣಿನವರು ಮನೆ ನೋಡಲು ಬರುತ್ತೇವೆ ಎಂದರು. ಮನೆಯಲ್ಲಿ ಗುಳಿಗೆ ಕಂಡರೆ ಸಂಬಂಧ ಮುರಿದುಬೀಳುತ್ತದೆ ಎಂದು ಓಣಿಯ ಹಿರಿಯರೆಲ್ಲ ಬುದ್ಧಿ ಹೇಳಿದರು. ಈಕೆ ಆಸ್ಪತ್ರೆಯ ಚೀಟಿಗಳನ್ನು ಒಲೆಗೆ ಹಾಕಿದಳು, ಗುಳಿಗೆಗಳನ್ನು ಮೋರಿಗೆ ಸುರಿದಳು. ಹೆಣ್ಣಿನವರು ಬಂದು ಅವಲಕ್ಕಿ ತಿಂದು ಹೋದರು, ಹುಡುಗ ಮೆಚ್ಚಿಗೆಯಾದ ಎಂದರು. ತಿಂಗಳೊಳಗೆ ಅಣ್ಣ ಸತ್ತ.

"ಗುಳಿಗಿ ನುಂಗೋನಿಗೆ ಯಾರು ಹೆಣ್ಣು ಕೊಡ್ತಾರಪ್ಪಾ," ಎಂದಳು. ಈಗ ಅದೇ ಚೀಟಿಗಾಗಿ ನಂದಿನಿ ಆಸ್ಪತ್ರೆಯ ಹಳೆಯ ಕಾಗದಗಳಲ್ಲಿ ಹುಡುಕುತ್ತಿದ್ದಾರಂತೆ.

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಯಾರ ಮೇಲೆ ಎಂದು ಸರಿಯಾಗಿ ತಿಳಿಯಲಿಲ್ಲ. ನಮ್ಮ ಯಶೋಧರಾಳ ತಂಗಿಗೆ ಮೂರ್ಛೆರೋಗ ಇದ್ದದ್ದನ್ನು ನಾವೂ ಮದುವೆಯವರೆಗೆ ಯಾರಿಗೂ ಹೇಳಿರಲಿಲ್ಲ. ಅದು ಬೇರೆ ವಿಷಯ ಬಿಡು.

ನವೆಂಬರ್ 20, ಗುರುವಾರ

ಧಾರವಾಡದ ಡಾಕ್ಟರು ಬಂದಿದ್ದರು. ಇವನು ನಾಟಕ ಮಾಡುತ್ತಿರಬಹುದಲ್ಲ ಎಂದು ಸರ್ಕಾರಿ ವಕೀಲರು ಕೇಳಿದರು. ನನ್ನ ಫ್ಲೆಕ್ಸಿನ ಮಾತನ್ನೇ ಕೇಳಿದರು ಎನ್ನಬಹುದು. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ನಾಟಕ ಮಾಡುವವರೂ ಬರುತ್ತಾರೆ, ಅವರು ಸಿನಿಮಾದಲ್ಲಿ ನೋಡಿದ ಹುಚ್ಚನ್ನು ಮಾಡುತ್ತಾರೆ, ಬಟ್ಟೆ ಹರಿದುಕೊಳ್ಳುತ್ತಾರೆ, ಸುಮ್ಮಸುಮ್ಮನೆ ನಗುತ್ತಾರೆ, ಯಾರೂ ನೋಡದಿದ್ದಾಗ ಸುಸ್ತಾಗಿ ನಿಲ್ಲಿಸುತ್ತಾರೆ, ಈ ಕಾಯಿಲೆ ಹಾಗಿರುವುದಿಲ್ಲ ಎಂದರು. ಇವನಿಗೆ ತನ್ನ ಹೆಸರು ಗೊತ್ತು, ಊರು ಗೊತ್ತು, ಲೆಕ್ಕ ಬರುತ್ತದೆ, ಎದುರಿಗಿದ್ದವನು ತನ್ನ ಮೇಸ್ತ್ರಿ ಎಂಬುದೊಂದು ಮಾತ್ರ ಆ ದಿನ ಗೊತ್ತಿರಲಿಲ್ಲ ಎಂದರು. ನಂದಿನಿಗೆ ಸಿಕ್ಕಿದ ಹಳೆಯ ಚೀಟಿಯ ನಕಲನ್ನೂ ನೋಡಿ, ಇದೇ ಕಾಯಿಲೆ ಎಂದರು.

ಕಾಯಿಲೆ ಇದ್ದರೆ ಸಾಲದು, ಹೊಡೆಯುವ ಹೊತ್ತಿಗೆ ತಾನು ಮಾಡುತ್ತಿರುವುದೇನು ಎಂದು ಅವನಿಗೆ ತಿಳಿಯುತ್ತಿತ್ತೇ ಇಲ್ಲವೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ ಎಂದು ಜಡ್ಜ್ ಸಾಹೇಬರು ಹೇಳಿದರು. ಅಂದರೆ ಡಾಕ್ಟರ ಹುಚ್ಚು ಬೇರೆ, ಕೋರ್ಟಿನ ಹುಚ್ಚು ಬೇರೆ. ನಮ್ಮೂರಿನವರು ಹುಚ್ಚು ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಮುಗಿಸಿಕೊಂಡಿದ್ದೇವೆ.

ಊಟದ ಬಿಡುವಿನಲ್ಲಿ ಕಾರಿಡಾರಿನಲ್ಲಿ ಅವನನ್ನು ಕೂರಿಸಿದ್ದರು. ನಾನು ನೀರು ಕುಡಿಯಲು ಹೋದಾಗ ಎದ್ದು ನಿಂತ. ಪೊಲೀಸಪ್ಪ ತಡೆಯಲಿಲ್ಲ.

"ಅಣ್ಣಾ, ನಾನ ಮಾಡೀನಂತ," ಎಂದ. "ಗುಳಿಗಿ ತಗೊಂಡ ಮ್ಯಾಲ ಎಲ್ಲಾರೂ ಹೇಳಿದ್ರು. ಅವತ್ತು ಅಣ್ಣನ್ನ ಉಳಿಸಾಕ ಹೊಡದೀನಿ ಅಂತ ತಿಳಕೊಂಡಿದ್ದೆ."

ಎರಡು ವರ್ಷದಿಂದ ಇವನಿಗೆ ಹೇಳಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ. ಇಷ್ಟು ಹತ್ತಿರದಿಂದ ಅವನ ಮುಖ ನೋಡಿದ್ದು ಇದೇ ಮೊದಲು. ಕಣ್ಣು ಎಲ್ಲರ ಕಣ್ಣಿನ ಹಾಗೇ ಇವೆ. ನೀರಿನ ಲೋಟ ಅಲ್ಲೇ ಇಟ್ಟು ಬಂದೆ. ಅದು ನಾನು ಕುಡಿಯಲು ಹಿಡಿದದ್ದು, ಅವನಿಗೆಂದು ಇಟ್ಟದ್ದಲ್ಲ.

ಡಿಸೆಂಬರ್ 19, ಶುಕ್ರವಾರ

ತೀರ್ಪು ಬಂತು. ಕೊಂದದ್ದು ಅವನೇ. ಆದರೆ ಆ ಹೊತ್ತಿನಲ್ಲಿ ತಾನು ಮಾಡುತ್ತಿರುವುದು ಏನೆಂದು ತಿಳಿಯುವ ಸ್ಥಿತಿ ಅವನಿಗಿರಲಿಲ್ಲ, ಆದ್ದರಿಂದ ಅದು ಅಪರಾಧವಾಗುವುದಿಲ್ಲ ಎಂದರು. ಅಷ್ಟು ಕೇಳಿ ಅರ್ಧ ಕೋರ್ಟು ಫೋನ್ ಹಿಡಿದುಕೊಂಡು ಹೊರಗೆ ಓಡಿತು. ಜಡ್ಜ್ ಸಾಹೇಬರು ಇನ್ನೂ ಓದುತ್ತಲೇ ಇದ್ದರು. ಅವನನ್ನು ಬಿಡುವಂತಿಲ್ಲ, ಧಾರವಾಡದ ಆಸ್ಪತ್ರೆಯಲ್ಲಿ ಕಾವಲಿನಲ್ಲಿ ಇಡಬೇಕು, ಇವನಿಂದ ಯಾರಿಗೂ ಅಪಾಯವಿಲ್ಲ ಎಂದು ಡಾಕ್ಟರುಗಳು ಬರೆದುಕೊಟ್ಟು ಸರ್ಕಾರ ಒಪ್ಪುವವರೆಗೆ. ಅದಕ್ಕೆ ತಾರೀಖು ಹೇಳಲಿಲ್ಲ. ಈ ಅರ್ಧವನ್ನು ಕೇಳಿದವರು ನಂದಿನಿ, ಗಾದೆಮ್ಮ, ಅತ್ತಿಗೆ ಮತ್ತು ನಾನು.

ನನಗೆ ದುಃಖವಾಯಿತು. ಅಣ್ಣನಿಗೆ ನ್ಯಾಯ ಸಿಕ್ಕಿತು ಎನಿಸಲಿಲ್ಲ. ಸಿಗಲಿಲ್ಲ ಎನ್ನಲೂ ಬಾಯಿ ಬರಲಿಲ್ಲ. ಅತ್ತಿಗೆಗೆ ಕೊಟ್ಟ ಮಾತು ಉಳಿಯಲಿಲ್ಲ ಎಂದೆ. ಎಲ್ಲಾ ತಾರೀಖಿಗೂ ಬಂದಿಯಲ್ಲ, ಸಾಕು ಎಂದರು.

ಅಂಗಡಿ ಮುಟ್ಟುವಷ್ಟರಲ್ಲಿ ಟೀವಿಯಲ್ಲಿ ಬಂದಾಗಿತ್ತು, ಹುಚ್ಚನೆಂದು ಹಂತಕನ ಬಿಡುಗಡೆ. ಎರ್ರಣ್ಣ ಚಂದಾ ಎತ್ತಿ ಕಾಯುತ್ತಿದ್ದ. ನಾಳೆ ಬೆಳಿಗ್ಗೆಯೊಳಗೆ ದೊಡ್ಡ ಫ್ಲೆಕ್ಸು ಬೇಕಂತೆ, ಹುಚ್ಚನಿಗೆ ಬಿಡುಗಡೆ, ನ್ಯಾಯಕ್ಕೆ ಗಲ್ಲು ಎಂದು. ಹಳೆಯ ಮುಖವೇ ಇರಲಿ, ಕಣ್ಣಿಗೆ ಇನ್ನಷ್ಟು ಕೆಂಪು ತುಂಬು ಎಂದ. ಬಿಡುಗಡೆಯಾಗಿಲ್ಲ, ಧಾರವಾಡದಲ್ಲಿ ಕೂಡಿಹಾಕುತ್ತಾರೆ ಎಂದು ಎರಡು ಸಲ ಹೇಳಿದೆ. ಅವೆಲ್ಲ ಹೇಳೋ ಮಾತು ಎಂದ. ಮಷೀನು ಕೆಟ್ಟಿದೆ ಎಂದೆ. ಮಷೀನು ಬೆಳಿಗ್ಗೆಯಿಂದ ನಿಜವಾಗಿಯೂ ಸ್ವಲ್ಪ ಸದ್ದು ಮಾಡುತ್ತಿತ್ತು.

ಜನವರಿ 12, 2026, ಸೋಮವಾರ

ಕರಿಬಸವ ಈಗ ಬಹಳ ಓಡಾಡುತ್ತಿದ್ದಾನೆ. ಶುಕ್ರವಾರ ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತಿದ್ದ. ಅದೇ ಹೊತ್ತಿಗೆ ಬಳ್ಳಾರಿಯ ಕೋಟೆ ಗುಡ್ಡ ಹತ್ತುತ್ತಿದ್ದ. ಶನಿವಾರ ಕುರುಗೋಡಿನಲ್ಲಿ ಹೊಸ ಗಾಡಿಗೆ ನಿಂಬೆಹಣ್ಣು ಕಟ್ಟಿಸುತ್ತಿದ್ದ. ಸಂಗನಕಲ್ಲಿನ ಹತ್ತಿರ ಒಬ್ಬ ಹೆಂಗಸನ್ನು ದುರುಗುಟ್ಟಿ ನೋಡಿದನಂತೆ, ಆ ಹೆಂಗಸು ಯಾರೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಧಾರವಾಡದಲ್ಲಿ ಬೀಗ ಹಾಕಿ ಕೂರಿಸಿದವನಿಗೆ ಇಷ್ಟು ಬಸ್ಸು ಸಿಗುವುದಾದರೆ ನಮಗೆ ಏಕೆ ಸಿಗುವುದಿಲ್ಲವೋ.

ಇವತ್ತು ಎರ್ರಣ್ಣನೂ ನೋಡಿಬಂದ. ಮೋಕಾ ರಸ್ತೆಯಲ್ಲಿ, ಸ್ವಂತ ಕಣ್ಣಿನಿಂದ.

"ಅವನ ಅಂತ ಹೆಂಗ ಗುರುತು ಹಿಡದಿ?" ಎಂದೆ.

"ಕಣ್ಣು ನೋಡಿ ಹಿಡದೆ. ಕೆಂಪಗ ಉರಿತಿದ್ವು."

"ಎರ್ರಣ್ಣಾ, ಆ ಕೆಂಪು ನಾ ಹಾಕಿದ್ದು."

ಎರ್ರಣ್ಣ ಸ್ಟೂಲು ಎಳೆದುಕೊಂಡು ಕೂತ. "ನೀ ಹಾಕಿದ್ದು ಸರಿನ ಐತಿ," ಎಂದ.

ಫೆಬ್ರವರಿ 8, ಭಾನುವಾರ

ಕುರುಗೋಡಿನಲ್ಲಿ ಒಂದು ಬೇಕರಿಯ ಫ್ಲೆಕ್ಸು ಕೊಡುವುದಿತ್ತು. ಹೋದ ಮೇಲೆ, ಊರವರೆಲ್ಲ ಕರಿಬಸವ ಬಂದಿದ್ದಾನೆ ಎನ್ನುತ್ತಾರಲ್ಲ, ಬಂದಿದ್ದರೆ ನೋಡಿಯೇ ಬಿಡೋಣ ಎಂದು ಗುಡಿಯ ಹಿಂದೆ ಅವನ ಮನೆಯಿರುವ ಓಣಿಗೆ ಹೋದೆ. ಬೇಕರಿಯವನು ತಾನೇ ಬಂದು ಒಯ್ಯುತ್ತೇನೆ ಎಂದಿದ್ದ, ಆ ಮಾತು ಬೇರೆ.

ಗಾದೆಮ್ಮ ಅಂಗಳದಲ್ಲಿ ಕೂತು ಕೂಲಿಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮುಂದೆ ಅಗಲಕ್ಕೆ ಕಾಯಿ ಒಣಹಾಕಿತ್ತು. ಹಾಸಿದ್ದು ನನ್ನ ಫ್ಲೆಕ್ಸು. ಒಂದು ಕಡೆ 'ನಾಟಕ ನಡೆಯದು' ಕಾಣುತ್ತಿತ್ತು, ಉಳಿದ ಅಕ್ಷರದ ಮೇಲೆ ಕಾಯಿ ಇತ್ತು. ಮುಖದ ಮೇಲೆ ಮಾತ್ರ ಒಂದು ಕಾಯಿಯೂ ಇರಲಿಲ್ಲ. ಗುಂಡಗೆ ಜಾಗ ಬಿಟ್ಟು ಸುತ್ತ ಹರಡಿದ್ದಳು.

ನಾನು ನೋಡುವುದನ್ನು ನೋಡಿ ಅವಳೇ ಹೇಳಿದಳು. "ಕೋರ್ಟಿನ ಕಂಬದಿಂದ ನಾನ ಬಿಚ್ಕೊಂಡು ಬಂದೀನಪ್ಪಾ. ಮಾರಿ ಮ್ಯಾಲ ಕಾಯಿ ಹಾಕಂಗಿಲ್ಲ. ಕಣ್ಣು ಉರಿತಾವ."

ಕಟ್ಟೆಯ ಮೇಲೆ ಕೂತೆ. ಕರಿಬಸವ ಬಂದಿದ್ದಾನೆ ಎನ್ನುತ್ತಾರಲ್ಲ ಎಂದು ಏನೋ ಒಂದು ಕೇಳಿದೆ.

"ಓಣ್ಯಾಗಿನ ಮಂದಿ ದಿನಾ ಬಂದು ಒಳಗ ಹಣಿಕಿ ಹಾಕ್ತಾರ, ಮಗ ಬಂದಾನೇನು ಅಂತ. ಅವರು ಹ್ವಾದ ಮ್ಯಾಲ ನಾನೂ ಹಣಿಕಿ ಹಾಕ್ತೀನಿ." ಅವಳ ಕೈ ನಿಲ್ಲಲಿಲ್ಲ, ತೊಟ್ಟು ಬಿಡಿಸುತ್ತಲೇ ಇತ್ತು. "ಜೇಲಾಗಿದ್ರ ಇಷ್ಟು ವರ್ಷ ಅಂತ ಇರ್ತಿತ್ತು, ಎಣಿಸ್ಕೊಂತ ಕೂಡ್ತಿದ್ದೆ. ಇದಕ್ಕ ಎಣಿಕಿ ಇಲ್ಲಂತ."

ಧಾರವಾಡಕ್ಕೆ ಒಂದು ಸಲ ಹೋಗಿ ಬಂದಿದ್ದಾಳೆ. ಊಟ ಮಾಡಿದಿಯೇನವ್ವ ಎಂದು ಕೇಳಿದನಂತೆ. ನನಗೆ ಚಹಾ ಮಾಡಿಕೊಟ್ಟಳು. ಕುಡಿದೆ.

ಎದ್ದು ಹೊರಡುವಾಗ ಅವಳು ಫ್ಲೆಕ್ಸಿನ ಕೆಳಗಿನ ಮೂಲೆಯ ಕಾಯಿಯನ್ನು ಕೈಯಿಂದ ಸರಿಸಿದಳು. ಅಲ್ಲಿ ನನ್ನ ಅಂಗಡಿಯ ಹೆಸರು, ಫೋನ್ ನಂಬರು. ನಾವು ಎಲ್ಲ ಫ್ಲೆಕ್ಸಿಗೂ ಹಾಕುತ್ತೇವೆ.

"ಇದು ನಿಮ್ಮ ಅಂಗಡಿ ಅಂತ ಅವಾಗ ಓದಿಸೀನಿ," ಎಂದಳು. "ಮನ್ಯಾಗ ಅವನ ಪಟ ಬ್ಯಾರೆ ಇಲ್ಲ. ನೀವು ಮಾರಿ ತಿದ್ದೋರಲ್ಲ, ಆ ಕೆಂಪು ಒಂದು ತಗದು ಕೊಡ್ತೀರೇನಪ್ಪಾ? ನನ್ನ ಮಗನ ಕಣ್ಣು ಹಂಗ ಇದ್ದಿಲ್ಲ."

ಎಲ್ಲಾ ಗೊತ್ತಿದ್ದೂ ಅವತ್ತು ಕೋರ್ಟಿನಲ್ಲಿ ಅದೇ ಬೆಂಚಿನಲ್ಲಿ ನನಗೆ ಜಾಗ ಬಿಟ್ಟು ಕೂತಿದ್ದಳು.

ಫೆಬ್ರವರಿ 9, ಸೋಮವಾರ

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಆಯುಧಪೂಜೆಯ ಮೂಲ ಫೋಟೋ ತೆಗೆದೆ. ತಿದ್ದುವುದೇನೂ ಇರಲಿಲ್ಲ. ಹಿಂದೆ ಗೋಡೆಗೆ ಒರಗಿಸಿದ ಸಲಿಕೆಗಳಿಗೆ ಚೆಂಡುಹೂವಿನ ಹಾರ ಹಾಕಿದ್ದಾರೆ. ಮುಂದೆ ಇಬ್ಬರೂ ಹಣೆಗೆ ಕುಂಕುಮ ಮೆತ್ತಿಕೊಂಡು ನಿಂತಿದ್ದಾರೆ. ಅಣ್ಣ ಹಲ್ಲು ಬಿಟ್ಟು ನಗುತ್ತಿದ್ದಾನೆ, ಕರಿಬಸವ ಕ್ಯಾಮೆರಾಕ್ಕೆ ನಾಚಿಕೊಂಡಿದ್ದಾನೆ. ಯಾರನ್ನೂ ಬೆಳ್ಳಗೆ ಮಾಡಲಿಲ್ಲ. ಹೆಗಲ ಮೇಲಿನ ಕೈ ಅಳಿಸಲಿಲ್ಲ.

ಎರ್ರಣ್ಣ ಚಹಾ ಹಿಡಿದುಕೊಂಡು ಬಂದು ನನ್ನ ಬೆನ್ನ ಹಿಂದೆ ನಿಂತು ಕಂಪ್ಯೂಟರಿನಲ್ಲಿ ಇಣುಕಿದ.

"ಸುಂಕಣ್ಣನ ಬಾಜೂಕ ನಿಂತೋನು ಯಾರು?" ಎಂದ. "ಪಾಪ, ಚಲೋ ಹುಡುಗ ಕಾಣ್ತಾನ."

ಕುರುಗೋಡಿನವ ಎಂದೆ. ಎರಡು ಪ್ರತಿ ಹೊಡೆದೆ, ಒಂದು ಗಾದೆಮ್ಮನಿಗೆ, ಒಂದು ಅತ್ತಿಗೆಗೆ. ಮೂಲೆಯಲ್ಲಿ ಅಂಗಡಿಯ ಹೆಸರು ಹಾಕಲಿಲ್ಲ.